ಹುಟ್ಟು ಎಷ್ಟು ಉದ್ದ ಇರಬೇಕು, ಎಷ್ಟು ಬಾಗಬೇಕು?

"ಅಕ್ಕಾ, ನಾನು ಐದಡಿ ಎರಡಿಂಚು, 52 ಕೆಜಿ. ನದಿಯಲ್ಲಿ ಚೆನ್ನಾಗಿ ಅಭ್ಯಾಸ ಆಗಿದೆ, ಈಗ ಕಡಲಿಗೆ ಇಳೀಬೇಕು ಅಂತ ಆಸೆ. ಒಂಬತ್ತಡಿ ಬೋರ್ಡ್ ಸಿಕ್ಕಿದೆ. ಪ್ಯಾಡಲ್ ಎಷ್ಟು ಉದ್ದದ್ದು ತಗೊಳ್ಳಲಿ? ಗಟ್ಟಿ ಕಾರ್ಬನ್ ಒಳ್ಳೇದಾ, ಸ್ವಲ್ಪ ಬಾಗುವಂಥದ್ದಾ?"

ಇದು ಕಳೆದ ವಾರ ಬಂದ ಮೆಸೇಜು. ಎತ್ತರ, ತೂಕದ ಅಂಕಿ ಬದಲಾಗಿರುತ್ತದೆ, ಪ್ರಶ್ನೆ ಮಾತ್ರ ಇದೇ. ಬೋರ್ಡಿನ ಮೇಲೆ ನಿಂತು, ಉದ್ದನೆಯ ಹುಟ್ಟು (ಪ್ಯಾಡಲ್) ಹಾಕುತ್ತ ಹೋಗಿ ತೆರೆ ಹಿಡಿಯುವ ಸ್ಟ್ಯಾಂಡ್-ಅಪ್ ಪ್ಯಾಡಲ್ ಸರ್ಫಿಂಗ್ ಎಂಬ ಈ ಆಟಕ್ಕೆ ಬಂದವರೆಲ್ಲ ಬೋರ್ಡಿನ ಬಗ್ಗೆ ತಿಂಗಳುಗಟ್ಟಲೆ ಯೋಚನೆ ಮಾಡುತ್ತಾರೆ, ಹುಟ್ಟನ್ನು ಮಾತ್ರ ಕೊನೆಗೆ ಉಳಿದ ದುಡ್ಡಿನಲ್ಲಿ ಕೊಳ್ಳುತ್ತಾರೆ. ಬೋರ್ಡು ಕಾಲಡಿ ಇರುತ್ತದೆ, ಹುಟ್ಟು ನಮ್ಮ ಭುಜಕ್ಕೆ ನೇರವಾಗಿ ಕಟ್ಟಿದ ಹಾಗೆ ಇರುತ್ತದೆ. ತಪ್ಪು ಹುಟ್ಟಿನ ಬೆಲೆಯನ್ನು ತೆರುವುದು ಭುಜವೇ.

ನನ್ನ ಉತ್ತರ ಶುರುವಾಗುವುದು ಹೀಗೆ: ಉದ್ದ ಎಷ್ಟು, ಗಟ್ಟಿತನ ಎಷ್ಟು ಎಂದು ಎರಡು ಪ್ರಶ್ನೆ ಕೇಳಬೇಡಿ. ಮೊದಲು ಉದ್ದ ತೀರ್ಮಾನವಾಗಲಿ, ಆಮೇಲೆ ಗಟ್ಟಿತನ ನೋಡೋಣ. ಹುಟ್ಟನ್ನು ಗಿಡ್ಡ ಮಾಡಿದರೆ ಅದು ತಾನಾಗಿಯೇ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಬಾಗಿಸಿ ನೋಡಿ ಇಷ್ಟಪಟ್ಟದ್ದು, ಮನೆಗೆ ತಂದು ಕತ್ತರಿಸಿದ ಮೇಲೆ ಅದೇ ಹುಟ್ಟಾಗಿ ಉಳಿಯುವುದಿಲ್ಲ.

ಉದ್ದದ ಹಳೆಯ ಲೆಕ್ಕ ಬಹಳ ಜನರಿಗೆ ಗೊತ್ತು. ಹುಟ್ಟನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೈ ಮೇಲೆತ್ತಿದರೆ, ತಲೆಯ ಮೇಲೆ ಒಂದು ಗೇಣು ಉಳಿಯಬೇಕು. ಎಂಟರಿಂದ ಹತ್ತು ಇಂಚು. ನಿಂತ ನೀರಿಗೆ, ಶಾಂಭವಿ ನದಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಸುಮ್ಮನೆ ತೇಲಿ ಬರುವುದಕ್ಕೆ, ಈ ಲೆಕ್ಕ ಸರಿಯೇ. 2024ರ ಮಾರ್ಚ್‌ನಲ್ಲಿ ಮೂಲ್ಕಿಯಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆಯಿತಲ್ಲ, ಅಂಥ ರೇಸುಗಳಲ್ಲಿ ಇನ್ನೂ ಉದ್ದನೆಯ, ಇನ್ನೂ ಗಟ್ಟಿಯ ಹುಟ್ಟುಗಳನ್ನೂ ಕಾಣಬಹುದು. ರೇಸಿನವರು ನೇರ ನಿಂತು, ಮುಂದಕ್ಕೆ ಚಾಚಿ, ಒಂದೇ ಬದಿಗೆ ಹತ್ತು ಹದಿನೈದು ಸಲ ಎಳೆಯುತ್ತಾರೆ. ಅವರ ಕೆಲಸಕ್ಕೆ ಆ ಉದ್ದ ಬೇಕು. ಅದನ್ನು ನೋಡಿ ಬಂದವರು ಅದೇ ಅಳತೆಯನ್ನು ಹಿಡಿದುಕೊಂಡು ಸಸಿಹಿತ್ಲಿನ ತೆರೆಗೆ ಇಳಿದರೆ ಕಷ್ಟ.

ನಾನೂ ಹಾಗೆಯೇ ಇಳಿದವಳು. ನನ್ನ ಎತ್ತರ 165 ಸೆಂಟಿಮೀಟರ್. ಮೊದಲ ಹುಟ್ಟು 190, ಫುಲ್ ಕಾರ್ಬನ್, ಒಂಚೂರೂ ಬಾಗದ್ದು. ನದಿಯಲ್ಲಿ ಬಾಣದ ಹಾಗೆ ಹೋಗುತ್ತಿತ್ತು. ಕಡಲಿನಲ್ಲಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಬಲ ಭುಜದ ಮೇಲ್ಭಾಗದಲ್ಲಿ ಒಂದು ಚಳಕು ಶುರುವಾಯಿತು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತಿತ್ತು. ಬಟ್ಟೆ ಒಣಹಾಕಲು ಕೈ ಎತ್ತಿದರೂ ನೋವು. ಹೆಜಮಾಡಿ ಕೋಡಿಯಲ್ಲಿ ಒಂದು ಸಂಜೆ ನಾನು ದಡಕ್ಕೆ ಬರುವುದನ್ನೇ ನೋಡುತ್ತ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಹೇಳಿದರು, "ನಿನ್ನ ಹುಟ್ಟು ನಿನಗಿಂತ ತುಂಬ ಉದ್ದ ಉಂಟಲ್ಲ ಮಗಾ. ಪ್ರತಿ ಸಲ ಕೈಯನ್ನು ತಲೆ ಮೇಲೆ ಎತ್ತಿಯೇ ಹಾಕ್ತಿ. ನಾವು ಹಾಗೆ ಹಾಕಿದ್ರೆ ಅಳಿವೆ ದಾಟುದು ಹೇಗೆ?" ಅವರು ದೋಣಿಯ ಹುಟ್ಟಿನ ಅನುಭವದಲ್ಲಿ ಹೇಳಿದ್ದು. ಆದರೆ ತಪ್ಪು ಎಲ್ಲಿದೆ ಎಂದು ಅವರಿಗೆ ಒಂದೇ ನೋಟಕ್ಕೆ ಕಂಡಿತ್ತು: ಮೇಲಿನ ಕೈ.

ತೆರೆಯಲ್ಲಿ ನಾವು ನದಿಯಲ್ಲಿ ನಿಂತ ಹಾಗೆ ನೇರ ನಿಲ್ಲುವುದೇ ಇಲ್ಲ. ಮಂಡಿ ಮಡಚಿರುತ್ತದೆ, ಸೊಂಟ ಇಳಿದಿರುತ್ತದೆ. ತೆರೆ ಎತ್ತುವ ಆ ಗಳಿಗೆಯಲ್ಲಿ ನಮ್ಮ ತಲೆ ನಿಂತಾಗಿನ ಎತ್ತರಕ್ಕಿಂತ ಒಂದು ಗೇಣು ಕೆಳಗೇ ಇರುತ್ತದೆ. ದಡದಲ್ಲಿ ಸೆಟೆದು ನಿಂತು ಅಳೆದ ಉದ್ದ ಆಗ ಹೆಚ್ಚುವರಿ. ಅದು ಎಲ್ಲಿಗೆ ಹೋಗಬೇಕು? ಮೇಲಕ್ಕೆ, ನಮ್ಮ ಕೈಯನ್ನೂ ಎತ್ತಿಕೊಂಡು. ಕೈ ಕಿವಿಗಿಂತ ಮೇಲಿದ್ದು, ಆ ಸ್ಥಿತಿಯಲ್ಲೇ ಜೋರಾಗಿ ತಳ್ಳಿದರೆ ಭುಜದ ಕೀಲಿನೊಳಗಿನ ಸ್ನಾಯುಗಳು ಎಲುಬಿನ ಸಂದಿಯಲ್ಲಿ ಉಜ್ಜುತ್ತವೆ. ಒಂದೆರಡು ಸಲವಾದರೆ ಏನೂ ಇಲ್ಲ. ಒಂದು ಬೆಳಗ್ಗೆ ಸಾವಿರ ಸಲವಾದರೆ ಚಳಕು ಬರುತ್ತದೆ.

ಇನ್ನೊಂದು ವಿಷಯವನ್ನು ಅಳತೆಪಟ್ಟಿಗಳು ಹೇಳುವುದೇ ಇಲ್ಲ. ತೆರೆಗೆ ಬಳಸುವ ಬೋರ್ಡು ಸಣ್ಣದು, ತೆಳ್ಳಗಿನದು. ನಿಂತಲ್ಲೇ ನಿಂತರೆ ಅದು ಸ್ವಲ್ಪ ಮುಳುಗಿ, ಕಣಕಾಲಿನವರೆಗೂ ನೀರು ಬರುತ್ತದೆ. ಗಾಳಿ ತುಂಬುವ ಆರಿಂಚು ದಪ್ಪದ ಬೋರ್ಡಿನ ಮೇಲೆ ನಿಂತಾಗ ನೀರು ಪಾದಕ್ಕಿಂತ ಕೆಳಗಿತ್ತು, ಈಗ ಪಾದಕ್ಕಿಂತ ಮೇಲಿದೆ. ಬೋರ್ಡು ಬದಲಾಯಿಸಿದ್ದಕ್ಕೇ ನಾಲ್ಕೈದು ಇಂಚಿನ ವ್ಯತ್ಯಾಸ ಬಂತು. ಎತ್ತರ ಒಂದನ್ನೇ ಕೇಳಿ ಉದ್ದ ಹೇಳುವವರ ಮಾತನ್ನು ನಾನು ನಂಬದಿರುವುದು ಇದಕ್ಕೇ.

ಜೊತೆಗೆ ಬದಿ ಬದಲಿಸುವ ಕೆಲಸ. ನೊರೆಯ ನಡುವೆ ಬೋರ್ಡು ಎಡಕ್ಕೆ ತಿರುಗಿದರೆ ಅರ್ಧ ಸೆಕೆಂಡಿನಲ್ಲಿ ಹುಟ್ಟು ಆ ಬದಿಗೆ ಹೋಗಬೇಕು. ಉದ್ದನೆಯದು ಮುಖದ ಮುಂದೆ ಹಾಯುವುದಕ್ಕೇ ತಡ. ತೆರೆಯ ಮೇಲೆ ಜಾರುವಾಗ ಹುಟ್ಟನ್ನು ನೀರಿನ ಮೈಗೆ ಊರಿ, ಅದನ್ನೇ ಗೂಟ ಮಾಡಿಕೊಂಡು ಬೋರ್ಡು ತಿರುಗಿಸುತ್ತೇವೆ. ಆಗಲೂ ಉದ್ದ ಹೆಚ್ಚಿದ್ದರೆ ಮೈ ನೆಟ್ಟಗಾಗಿ ತೂಕ ಹಿಂದಕ್ಕೆ ಬೀಳುತ್ತದೆ.

ಹಾಗಂತ ಗಿಡ್ಡ ಮಾಡುತ್ತಲೇ ಹೋಗುವಂತಿಲ್ಲ. ಉತ್ಸಾಹದಲ್ಲಿ ನಾನು ಉದ್ದ ಬದಲಿಸಬಹುದಾದ ಹುಟ್ಟಿನಲ್ಲಿ 172ರವರೆಗೆ ಇಳಿಸಿ ನೋಡಿದೆ. ತೆರೆಯ ಮೇಲೆ ಸುಖವೋ ಸುಖ. ಆದರೆ ದಡದಿಂದ ಹೊರಗೆ ಹೋಗುವಾಗ ಬೆನ್ನು ಬಗ್ಗಿಸಿಯೇ ಹುಟ್ಟು ಹಾಕಬೇಕಾಯಿತು. ನಾಲ್ಕನೇ ದಿನಕ್ಕೆ ಸೊಂಟ ಹಿಡಿಯಿತು. ತೆರೆ ಹಿಡಿಯಲು ಬೇಕಾದ ಕೊನೆಯ ಐದಾರು ಜೋರಿನ ಎಳೆತಗಳಲ್ಲಿ ಬ್ಲೇಡು (ಹುಟ್ಟಿನ ತುದಿಯ ಅಗಲ ಹಲಗೆ) ಪೂರ್ತಿ ಮುಳುಗುತ್ತಿರಲಿಲ್ಲ, ಅಂಚಿನಿಂದ ಗಾಳಿ ಎಳೆದುಕೊಂಡು ಗುಳುಗುಳು ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿಸಿದರೆ ಬಲವೆಲ್ಲ ಗುಳ್ಳೆಯಾಗಿ ಹೋಗುತ್ತಿದೆ ಎಂದೇ ಅರ್ಥ. ಕೊನೆಗೆ ನಾನು ನಿಂತದ್ದು 177ರಲ್ಲಿ, ಅಂದರೆ ತಲೆಯ ಮೇಲೆ ಅರ್ಧ ಗೇಣು. ನೋಡಿದ ಮಟ್ಟಿಗೆ ಕಡಲಿನ ಹುಟ್ಟು ಬಹಳ ಜನಕ್ಕೆ ತಲೆಯ ಮೇಲೆ ನಾಲ್ಕು ಬೆರಳಿನಿಂದ ಅರ್ಧ ಗೇಣಿನ ಒಳಗೇ ಕೂರುತ್ತದೆ. ಬೋರ್ಡು ಸಣ್ಣದಾದಷ್ಟೂ ನಾಲ್ಕು ಬೆರಳಿನ ಕಡೆಗೆ.

ಇದನ್ನು ಕಂಡುಕೊಳ್ಳುವ ದಾರಿ ಸರಳ. ಉದ್ದ ಬದಲಿಸಬಹುದಾದ ಹುಟ್ಟೊಂದನ್ನು ಯಾರಿಂದಲಾದರೂ ಎರವಲು ತನ್ನಿ. ನಾಲ್ಕು ಉದ್ದಗಳನ್ನು ಆರಿಸಿ, ಶಾಫ್ಟಿನ, ಅಂದರೆ ಹುಟ್ಟಿನ ಕೋಲಿನ ಮೇಲೆ ಮಾಸ್ಕಿಂಗ್ ಟೇಪಿನ ಗುರುತು ಹಾಕಿ. ಒಂದೊಂದು ಉದ್ದದಲ್ಲಿ ಮೂರು ದಿನ ಕಡಲಿಗೆ ಹೋಗಿ, ಒಂದೇ ದಿನದಲ್ಲಿ ನಾಲ್ಕನ್ನೂ ನೋಡಬೇಡಿ. ದೇಹಕ್ಕೆ ಹೊಸ ಉದ್ದ ಒಗ್ಗಲು ಒಂದು ದಿನ ಬೇಕು, ಎರಡನೇ ದಿನದಿಂದ ಅದು ನಿಜ ಹೇಳುತ್ತದೆ. ತೆರೆ ಎಷ್ಟು ಹಿಡಿದಿರಿ ಎಂಬುದಕ್ಕಿಂತ ಮರುದಿನ ಬೆಳಗ್ಗೆ ಭುಜ, ಸೊಂಟ ಹೇಗಿವೆ ಎಂದು ಬರೆದಿಡಿ.

ಉದ್ದ ಸಿಕ್ಕಿತು ಅಂದುಕೊಳ್ಳಿ. ಈಗ ಗಟ್ಟಿತನ.

ಕೋಲೊಂದನ್ನು ಎರಡು ತುದಿಗೆ ಆಸರೆ ಕೊಟ್ಟು ನಡುವೆ ಭಾರ ತೂಗಿದರೆ ಅದು ಎಷ್ಟು ಬಾಗುತ್ತದೆ ಎಂಬುದು ಉದ್ದದ ಘನವನ್ನು ಅನುಸರಿಸುತ್ತದೆ. ಉದ್ದ ಇಮ್ಮಡಿಯಾದರೆ ಬಾಗು ಎಂಟು ಪಟ್ಟು. ಈ ಲೆಕ್ಕದಲ್ಲಿ 190ರ ನನ್ನ ಹುಟ್ಟನ್ನು 177ಕ್ಕೆ ಇಳಿಸಿದಾಗ ಬಾಗು ಹತ್ತಿರ ಹತ್ತಿರ ಐದನೇ ಒಂದು ಪಾಲು ಕಡಿಮೆಯಾಯಿತು. ಮೊದಲೇ ಗಟ್ಟಿಯಾಗಿದ್ದದ್ದು ಕಬ್ಬಿಣದ ಸಲಾಕೆಯಾಯಿತು. ಉದ್ದ ಸರಿಯಾದ ಮೇಲೂ ನನ್ನ ಭುಜದ ಚಳಕು ಪೂರ್ತಿ ಹೋಗದೆ ಉಳಿದದ್ದು ಏಕೆಂದು ಇದು ತಿಳಿದ ಮೇಲೆಯೇ ಅರ್ಥವಾಯಿತು.

ಬ್ಲೇಡು ನೀರಿಗೆ ಇಳಿದು ಹಿಡಿತ ಸಿಕ್ಕುವ ಕ್ಷಣದಲ್ಲಿ ಒಂದು ಜಗ್ಗು ಇರುತ್ತದೆ. ಗಟ್ಟಿ ಶಾಫ್ಟು ಆ ಜಗ್ಗನ್ನು ಹಾಗೆಯೇ ಭುಜಕ್ಕೆ ತಲುಪಿಸುತ್ತದೆ, ಬದಲಿಗೆ ಬೋರ್ಡು ಕೂಡಲೇ ಚಿಮ್ಮುತ್ತದೆ. ಬಾಗುವ ಶಾಫ್ಟು ಸ್ವಲ್ಪ ಮಣಿದು, ಜಗ್ಗನ್ನು ಹಂಚಿ ಕೊಡುತ್ತದೆ. ಬಾಗಿದ್ದು ಕೊನೆಗೆ ನೆಟ್ಟಗಾಗುತ್ತ ಬಲವನ್ನು ವಾಪಸು ಕೊಡುತ್ತದೆ ಎಂದು ಮಾರುವವರು ಹೇಳುತ್ತಾರೆ. ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ವಾಪಸು ಬರುವ ಹೊತ್ತಿಗೆ ಬ್ಲೇಡು ನಮ್ಮ ಪಾದ ದಾಟಿರುತ್ತದೆ, ಅಲ್ಲಿ ಸಿಗುವ ಬಲ ಬೋರ್ಡನ್ನು ಮುಂದೆ ಒಯ್ಯುವುದಕ್ಕಿಂತ ಕೆಳಗೆ ಒತ್ತುವುದೇ ಹೆಚ್ಚು. ಬಾಗಬೇಕಾದದ್ದು ಕೀಲಿನ ರಕ್ಷಣೆಗೆ, ಅಷ್ಟೇ. ಅತಿಯಾಗಿ ಬಾಗುವುದೂ ಬೇಡ. ಬೀಳುವಾಗ ಹುಟ್ಟನ್ನು ನೀರಿಗೆ ಚಪ್ಪಟೆಯಾಗಿ ಬಡಿದು ಆಸರೆ ತೆಗೆದುಕೊಳ್ಳುತ್ತೇವಲ್ಲ, ಅದು ಒಂದು ಗಳಿಗೆ ತಡವಾಗಿ ಸಿಕ್ಕಿದರೆ ನೀರಿನೊಳಗೇ ಇರುತ್ತೇವೆ.

ಗಟ್ಟಿತನ ಹುಟ್ಟಿನದು ಮಾತ್ರವಲ್ಲ, ಹಿಡಿದವರದ್ದೂ ಹೌದು. 90 ಕೆಜಿಯ ಆಳು ತನ್ನ ತೂಕ ಹಾಕಿ ಎಳೆದಾಗ ಚೆನ್ನಾಗಿ ಮಣಿಯುವ ಶಾಫ್ಟು, 52 ಕೆಜಿಯ ಹುಡುಗಿಯ ಕೈಯಲ್ಲಿ ಅಲುಗುವುದೇ ಇಲ್ಲ. ಇಬ್ಬರೂ ಒಂದೇ ಹುಟ್ಟನ್ನು 'ಮೀಡಿಯಂ' ಗಟ್ಟಿತನದ್ದು ಎಂದು ಕೊಂಡಿರುತ್ತಾರೆ. ಜೊತೆಗೆ ಬ್ಲೇಡಿನ ಅಗಲವನ್ನೂ ನೋಡಬೇಕು. 100 ಚದರ ಇಂಚಿನ ದೊಡ್ಡ ಬ್ಲೇಡು ನೀರಿನಲ್ಲಿ ಕಲ್ಲಿನ ಹಾಗೆ ನಿಲ್ಲುತ್ತದೆ, ಗಟ್ಟಿ ಶಾಫ್ಟಿನ ಜೊತೆ ಸೇರಿದರೆ ಜಗ್ಗೆಲ್ಲ ನಮ್ಮದೇ. 80ರ ಸುಮಾರಿನ ಸಣ್ಣ ಬ್ಲೇಡು ಒಂಚೂರು ಜಾರಿ ಕೊಡುತ್ತದೆ, ಬೇಗ ಬೇಗ ಹಾಕಬಹುದು, ತೆರೆ ಹಿಡಿಯಲು ಆ ವೇಗವೇ ಬೇಕಾದದ್ದು. ಭುಜ ನೋಯುತ್ತದೆ ಎಂದು ಬಂದವರಿಗೆ ಶಾಫ್ಟು ಬದಲಿಸುವ ಮೊದಲು ಬ್ಲೇಡು ಸಣ್ಣದು ಮಾಡಿ ಎಂದು ನಾನು ಹೇಳುತ್ತೇನೆ.

ವಸ್ತುವಿನ ವಿಷಯ ಬೇಗ ಮುಗಿಸುತ್ತೇನೆ. ಅಲ್ಯುಮಿನಿಯಂ ಕಲಿಯುವವರೆಗೆ ಸಾಕು, ಭಾರ, ಉಪ್ಪುನೀರಿಗೆ ಆಗಿಬರುವುದಿಲ್ಲ. ಫೈಬರ್‌ಗ್ಲಾಸ್ ಮಣಿಯುತ್ತದೆ, ಬಾಳಿಕೆ ಬರುತ್ತದೆ. ಕಾರ್ಬನ್ ಹಗುರ, ಹೆಚ್ಚಾಗಿ ಗಟ್ಟಿ, ಆದರೆ ಮಣಿಯುವ ಕಾರ್ಬನ್ ಶಾಫ್ಟುಗಳೂ ಸಿಗುತ್ತವೆ. ತೆಳ್ಳಗಿನ ಶಾಫ್ಟು ಸಣ್ಣ ಕೈಗೆ ಹಿತ, ಸಾಮಾನ್ಯವಾಗಿ ಹೆಚ್ಚು ಮಣಿಯುತ್ತದೆ ಕೂಡ. ಹಗುರಾಗಿದ್ದರೆ ಏನು ಲಾಭ ಎಂದು ಕೇಳಿದರೆ ಒಂದು ಲೆಕ್ಕ ಕೊಡುತ್ತೇನೆ: ಒಂದು ಬೆಳಗ್ಗೆ 1200 ಸಲ ಹುಟ್ಟು ಎತ್ತಿದಿರಿ, ಎರಡು ಹುಟ್ಟಿನ ನಡುವೆ ಅರ್ಧ ಕೆಜಿ ವ್ಯತ್ಯಾಸ. ಒಟ್ಟು 600 ಕೆಜಿ. ದುಡ್ಡಿದ್ದರೆ ಹಗುರಕ್ಕೆ ಕೊಡಿ, ಗಟ್ಟಿತನಕ್ಕೆ ಕೊಡಬೇಡಿ.

ಕತ್ತರಿಸುವ ಕೆಲಸ ಮನೆಯಲ್ಲೇ ಆಗುತ್ತದೆ. ಹಿಡಿಯನ್ನು ಬಿಸಿಗೆ ಕರಗುವ ಅಂಟಿನಿಂದ ಕೂರಿಸಿದ್ದರೆ ಹೇರ್ ಡ್ರೈಯರ್ ಬಿಸಿಗೆ ಸಡಿಲವಾಗುತ್ತದೆ. ಕತ್ತರಿಸುವ ಜಾಗಕ್ಕೆ ಮಾಸ್ಕಿಂಗ್ ಟೇಪನ್ನು ಎರಡು ಸುತ್ತು ಸುತ್ತಿ, ಅದರ ಮೇಲೆ ಗೆರೆ ಹಾಕಿ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡು ಹಿಡಿದು, ಒಂದೇ ಕಡೆಯಿಂದ ಕೊಯ್ಯದೆ ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಸುತ್ತಲೂ ಕೊಯ್ಯಿರಿ. ಇಲ್ಲವಾದರೆ ಕೊನೆಯಲ್ಲಿ ಎಳೆ ಸೀಳಿ ಬರುತ್ತದೆ. ಮೂಗಿಗೆ ಮಾಸ್ಕ್ ಇರಲಿ, ಪಕ್ಕದಲ್ಲಿ ಒದ್ದೆ ಬಟ್ಟೆ ಇರಲಿ, ಕಾರ್ಬನ್ನಿನ ಕಪ್ಪು ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಅಂಚನ್ನು ನೀರು ಹಾಕಿ ಮರಳುಕಾಗದದಲ್ಲಿ ಉಜ್ಜಿ. ಹಿಡಿಗೆ ಅಂಟು ಹಚ್ಚಿ ತೂರಿಸಿದ ಮೇಲೆ ಸಿಗುವುದು ಒಂದು ನಿಮಿಷ ಮಾತ್ರ. ಅಷ್ಟರೊಳಗೆ ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ, ಬಡಗಿ ಪಟ್ಟಿಯ ನೇರ ನೋಡುವ ಹಾಗೆ ನೋಡಿ. ಹಿಡಿಯೂ ಬ್ಲೇಡೂ ಒಂದೇ ಸಮ ಇರಬೇಕು. ಒಂದು ಎಳ್ಳಷ್ಟು ತಿರುಚಿಕೊಂಡರೂ ನೀರಿನಲ್ಲಿ ಬ್ಲೇಡು ನಡುಗುತ್ತ ಪಕ್ಕಕ್ಕೆ ಎಳೆಯುತ್ತದೆ. ತಪ್ಪಾದರೆ ಮತ್ತೆ ಬಿಸಿ ಮಾಡಿ ಸರಿಪಡಿಸಬಹುದು. ಹೆಚ್ಚು ಕತ್ತರಿಸಿದರೆ ಮಾತ್ರ ಸರಿಪಡಿಸಲಾಗದು, ಆದ್ದರಿಂದ ಟೇಪಿನ ಗುರುತಿಗಿಂತ ಎರಡು ಸೆಂಟಿಮೀಟರ್ ಬಿಟ್ಟೇ ಮೊದಲ ಸಲ ಕೊಯ್ಯುವುದು ನನ್ನ ಅಭ್ಯಾಸ.

"ಉದ್ದ ಬದಲಿಸುವ ಹುಟ್ಟನ್ನೇ ಕೊನೆಯವರೆಗೂ ಇಟ್ಟುಕೊಂಡರೆ ಆಗದಾ?" ಎಂದೂ ಕೇಳುತ್ತಾರೆ. ಬಸ್ಸಿನಲ್ಲಿ ಓಡಾಡುವವರಿಗೆ ಆಗುತ್ತದೆ. ಆದರೆ ಉದ್ದ ಬದಲಿಸುವ ಕೀಲಿಗೆ ಮರಳು ಸೇರುತ್ತದೆ, ದಿನಾ ಬಾವಿ ನೀರಿನಲ್ಲಿ ಬಿಚ್ಚಿ ತೊಳೆಯಬೇಕು. ಒಂದು ವರ್ಷಕ್ಕೆ ಸಣ್ಣದಾಗಿ ಲೂಸು ಬರುತ್ತದೆ.

ಈಗ ಮೆಸೇಜು ಕಳಿಸಿದ ತಂಗಿಗೆ. ನಿನ್ನ ಎತ್ತರ 157 ಸೆಂಟಿಮೀಟರ್ ಆಯಿತು. ಟೇಪಿನ ಗುರುತು 174, 171, 168, 165ಕ್ಕೆ ಹಾಕು, ಉದ್ದದಿಂದ ಶುರುಮಾಡಿ ಇಳಿಸುತ್ತ ಬಾ. ನೀನು 168ರ ಆಚೀಚೆ ನಿಲ್ಲುತ್ತೀ ಎಂದು ನನ್ನ ಅಂದಾಜು. ಬ್ಲೇಡು 80 ಚದರ ಇಂಚಿಗಿಂತ ದೊಡ್ಡದು ಬೇಡ. ಶಾಫ್ಟು ಸಿಗುವುದರಲ್ಲಿ ಅತ್ಯಂತ ಮಣಿಯುವುದನ್ನೇ ತಗೋ, ಕತ್ತರಿಸಿದ ಮೇಲೆ ನಿನ್ನ ತೂಕಕ್ಕೆ ಅದೇ ಮೀಡಿಯಂ ಆಗುತ್ತದೆ. ನನ್ನ ಹಳೆಯ ಅಡ್ಜಸ್ಟಬಲ್ ಹುಟ್ಟು ಮನೆಯಲ್ಲಿ ಸುಮ್ಮನೆ ನಿಂತಿದೆ, ಎರಡು ವಾರಕ್ಕೆ ಒಯ್ಯಬಹುದು. ಮಳೆ ನಿಂತು ಸೆಪ್ಟೆಂಬರ್ ಕೊನೆಯ ತೆರೆ ಶುರುವಾಗುವ ಮೊದಲು ಬಾ, ಟೇಪು ನಾನೇ ತಂದಿಟ್ಟಿರುತ್ತೇನೆ.