ಮಳೆಯಲ್ಲೇ ನೋಡಬೇಕು ಸೆಪಾಂಗ್ ರೇಸ್: ಬೆಳಗಾವಿಯಿಂದ ಹೊರಡುವವರಿಗೆ

"ಮಳಿ ಬಂದ್ರ ರೇಸ್ ನಿಲ್ಲಸ್ತಾರೇನ್ರಿ? ಟಿಕೆಟ್ ರೊಕ್ಕಾ ವಾಪಸ್ ಬರ್ತಾವೇನ್ರಿ?"

ಮೋಟೋಜಿಪಿ, ಅಂದರೆ ಬೈಕುಗಳ ವಿಶ್ವ ಚಾಂಪಿಯನ್‌ಶಿಪ್ ರೇಸ್, ನೋಡಲು ಮಲೇಶಿಯಾದ ಸೆಪಾಂಗ್‌ಗೆ ಹೊರಟ ನಮ್ಮ ಬೆಳಗಾವಿ ಹುಡುಗರು ಮೊದಲು ಕೇಳುವುದೇ ಇದನ್ನು. ಕ್ರಿಕೆಟ್ ನೋಡಿ ಬೆಳೆದವರಿಗೆ ಮಳೆ ಎಂದರೆ ಪಿಚ್ ಮೇಲೆ ತಾಡಪತ್ರಿ ಹಾಸಿ, ಅಂಪೈರ್ ಯಾವಾಗ ಛತ್ರಿ ಹಿಡಿದು ಬರುತ್ತಾನೋ ಎಂದು ಕಾಯುವುದು. ಇಲ್ಲಿ ಹಾಗಲ್ಲ. ಮಳೆ ಬಂದರೆ ಟಯರ್ ಬದಲಿಸಿ ಓಡಿಸುತ್ತಾರೆ. ಟ್ರ್ಯಾಕ್ ಮೇಲೆ ನೀರು ನಿಂತರೆ ಹರಿದುಹೋಗುವವರೆಗೆ ಕಾಯುತ್ತಾರೆ. ಓಟದ ನಡುವೆ ಅಳತೆ ಮೀರಿ ಸುರಿದರೆ ಮಾತ್ರ ಕೆಂಪು ಬಾವುಟ. 2012ರಲ್ಲಿ ಸೆಪಾಂಗ್‌ನಲ್ಲೇ ಹಾಗಾಗಿತ್ತು. 20 ಲ್ಯಾಪಿನ (ಟ್ರ್ಯಾಕಿನ ಒಂದು ಪೂರ್ತಿ ಸುತ್ತೇ ಒಂದು ಲ್ಯಾಪ್) ರೇಸನ್ನು ಮಳೆಗೆ ಅರ್ಧಕ್ಕಿಂತ ತುಸು ಆಚೆ ನಿಲ್ಲಿಸಿ, ಮುಂದಿದ್ದ ಡಾನಿ ಪೆಡ್ರೋಸಾ ಗೆದ್ದನೆಂದು ಸಾರಿಬಿಟ್ಟರು. ಹಾಗಾಗಿ ರೊಕ್ಕ ವಾಪಸ್ ಬರುವ ಲೆಕ್ಕ ಬಿಟ್ಟು, ಮಳೆ ಬಂದೇ ಬರುತ್ತದೆ ಎಂಬ ಲೆಕ್ಕದಲ್ಲಿ ತಯಾರಿ ಮಾಡಿಕೊಳ್ಳಿ. ನನ್ನನ್ನು ಕೇಳಿದರೆ, ಅದು ಬರಲಿ ಎಂದು ಬೇಡಿಕೊಂಡೇ ಹೋಗಬೇಕು.

ಇಲ್ಲಿ ಬರೆದಿರುವ ರೇಸ್ 2016ರ ಅಕ್ಟೋಬರ್ 30ರದ್ದು. ವೀಸಾ, ರೈಲು ಇತ್ಯಾದಿ ಬದಲಾಗಿರುವ ಕಡೆ ಈಗಿನದನ್ನೇ ಹೇಳಿದ್ದೇನೆ.

ಮೊದಲು ಮಳೆಯ ವಿಷಯ. ಸೆಪಾಂಗ್ ರೇಸ್ ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೆ, ಇಲ್ಲವೇ ನವೆಂಬರ್ ಮೊದಲ ವಾರಕ್ಕೆ ಬರುತ್ತದೆ. ಅಲ್ಲಿ ಆಗ ಎರಡು ಮಾನ್ಸೂನ್‌ಗಳ ನಡುವಿನ ಕಾಲ. ಬೆಳಗ್ಗೆ ಸುಡುವ ಬಿಸಿಲು, ಮೈಗೆಲ್ಲ ಅಂಟಂಟು ಬೆವರು. ನೆಲ ಕಾದಂತೆ ಮೋಡ ಕಟ್ಟಿ, ಮಧ್ಯಾಹ್ನದ ಮೇಲೆ ಗುಡುಗಿನೊಡನೆ ಒಮ್ಮೆಲೇ ಇಳಿಯುತ್ತದೆ. ಮುಖ್ಯ ರೇಸ್ ಶುರುವಾಗುವುದೂ ಅಲ್ಲಿನ ಮಧ್ಯಾಹ್ನ ಮೂರರ ಸುಮಾರಿಗೇ. ನಮ್ಮಲ್ಲಿ ಶ್ರಾವಣದ ಮಳೆ ದಿನಗಟ್ಟಲೆ ಜಿಟಿಜಿಟಿ ಹಿಡಿಯುತ್ತದೆ. ಚೋರ್ಲಾ ಘಾಟಿನಲ್ಲಿ ಗಾಡಿ ಓಡಿಸಿದವರಿಗೆ ಮಂಜು, ಕೆಸರು, ನೀರು ಎಲ್ಲ ರೂಢಿ. ಆದರೆ ಸೆಪಾಂಗ್ ಮಳೆ ಬಂದು ಹೋಗುವ ಮಳೆ. ಅರ್ಧ ತಾಸಿನಲ್ಲಿ ಎಲ್ಲವನ್ನೂ ತೊಯ್ಸಿ, ಮುಂದಿನ ಅರ್ಧ ತಾಸಿನಲ್ಲಿ ಬಿಸಿಲು ಬಿಟ್ಟರೂ ಬಿಟ್ಟೀತು. ಬೆಳಗ್ಗೆ ಆಕಾಶ ತಿಳಿಯಾಗಿದೆ ಎಂದು ರೇನ್‌ಕೋಟನ್ನು ಹೋಟೆಲಿನಲ್ಲಿ ಬಿಟ್ಟು ಬರಬೇಡಿ.

ಟಿಕೆಟ್ ಕೊಳ್ಳುವಾಗ ಚೌಕಾಶಿಗಿಂತ ಜಾಗದ ಆಯ್ಕೆಗೆ ತಲೆ ಓಡಿಸಿ. ಸೆಪಾಂಗ್ ಟ್ರ್ಯಾಕ್ 1999ರಲ್ಲಿ ಶುರುವಾದದ್ದು, 5.543 ಕಿಲೋಮೀಟರ್ ಉದ್ದ, 15 ತಿರುವು. ಮೇನ್ ಗ್ರ್ಯಾಂಡ್‌ಸ್ಟ್ಯಾಂಡ್ ಎರಡು ಉದ್ದನೆಯ ನೇರ ದಾರಿಗಳ ನಡುವೆ ಇದೆ, ಮೇಲೆ ದೊಡ್ಡ ಚಾವಣಿ. ತಂಡಗಳು ಗಾಡಿ ಸಜ್ಜುಮಾಡುವ ಪಿಟ್ ಎದುರಿನ ಬದಿ ಕೂತರೆ ಸ್ಟಾರ್ಟ್, ಪಿಟ್‌ನ ಗಡಿಬಿಡಿ, ಗೆದ್ದವರ ಓಟ ಎಲ್ಲ ಕಾಣುತ್ತದೆ. ಕೊನೆಯ ತಿರುವಿನ ಹತ್ತಿರದ ಸೀಟು ಸಿಕ್ಕರೆ ಇನ್ನೂ ಛಲೋ, ಅಲ್ಲಿ ಒಬ್ಬರನ್ನೊಬ್ಬರು ಹಿಂದೆ ಹಾಕುವುದನ್ನು ಕಣ್ಣಾರೆ ನೋಡಬಹುದು. ಚಾವಣಿ ಇದೆಯೆಂದು ಕೆಳಗಿನ ಸಾಲು ಹಿಡಿಯಬೇಡಿ. ಗಾಳಿಗೆ ಮಳೆ ಓರೆಯಾಗಿ ಒಳಗೆ ಬಡಿಯುತ್ತದೆ. ಮೇಲಿನ ಸಾಲೇ ವಾಸಿ. ಹಿಲ್‌ಸ್ಟ್ಯಾಂಡ್ ಟಿಕೆಟ್ ಅಗ್ಗ, ಗದ್ದಲವೂ ಮಜಾ, ಆದರೆ ಅದು ಬಯಲು ಗುಡ್ಡದ ಹುಲ್ಲು. ಮಳೆ ಬಿದ್ದ ಹತ್ತು ನಿಮಿಷಕ್ಕೆ ಜಾರುಬಂಡಿ. ಹೆಂಡತಿ ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಆ ಕಡೆ ಹೋಗುವುದೇ ಬೇಡ. ಹುಡುಗರಷ್ಟೇ ಇದ್ದರೆ ಚಪ್ಪಲಿ ಬಿಟ್ಟು, ಹಿಡಿತ ಇರುವ ಶೂ ಹಾಕಿಕೊಂಡು ಹೋಗಿ. ಛತ್ರಿ ತೆರೆದರೆ ಹಿಂದಿನವರ ಬೈಗುಳ ಖಾತ್ರಿ. ಪೂರ್ತಿ ಮೈ ಮುಚ್ಚುವ ಪೊಂಚೊ ಸಾಕು, ಅದನ್ನೂ ಬೆಳಗಾವಿಯಲ್ಲೇ ಕೊಂಡುಕೊಳ್ಳಿ. ಮೋಡ ಕವಿಯುತ್ತಿದ್ದಂತೆ ಅಲ್ಲಿ ಅದರ ದರವೂ ಏರುತ್ತದೆ.

ದಾರಿಯ ಮಾತು. ಬೆಳಗಾವಿಯಿಂದ ಬೆಂಗಳೂರಿಗೆ ಸಾಂಬ್ರಾದಿಂದ ವಿಮಾನ ಇದೆ. ರೈಲಾದರೆ ರಾತ್ರಿಯ ಗಾಡಿಗಳ ಜತೆ 2025ರ ಆಗಸ್ಟಿನಿಂದ ವಂದೇ ಭಾರತ್ ಕೂಡ ಓಡುತ್ತಿದೆ. ನಸುಕಿನಲ್ಲಿ ಹತ್ತಿದರೆ ಮಧ್ಯಾಹ್ನಕ್ಕೆ ಬೆಂಗಳೂರು, ರಾತ್ರಿ ವಿಮಾನಕ್ಕೆ ಬೇಕಾದಷ್ಟು ಹೊತ್ತು ಉಳಿಯುತ್ತದೆ. ಮೆಜೆಸ್ಟಿಕ್‌ನಿಂದ ಏರ್‌ಪೋರ್ಟಿಗೆ ವಾಯುವಜ್ರ ಬಸ್ ಹಿಡಿಯಿರಿ. ಈಗ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ರೇಸಿನ ವಾರ ದೀಪಾವಳಿ, ರಾಜ್ಯೋತ್ಸವಗಳ ಆಸುಪಾಸಿಗೇ ಬರುವುದರಿಂದ ರೈಲು ಟಿಕೆಟ್ ಬೇಗ ಮುಗಿಯುತ್ತವೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ, ಆ ದಿನವೇ ಮಾಡಿಬಿಡಿ.

ಕೌಲಾಲಂಪುರಕ್ಕೆ ನಾಲ್ಕು ತಾಸಿನ ಹಾರಾಟ. ಅವರ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದು. ನಾವು ಹೋದಾಗ ವೀಸಾ ಬೇಕಿತ್ತು. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಇಲ್ಲದೆ ಪ್ರವೇಶವಿದೆ. ಈ ರಿಯಾಯಿತಿಯನ್ನು 2026ರ ಕೊನೆಯವರೆಗೆ ವಿಸ್ತರಿಸಿದ್ದಾರೆ. ಅಲ್ಲಿ ಮುಟ್ಟುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಅದು ಪುಕ್ಕಟೆ, ದುಡ್ಡು ಕೇಳುವ ವೆಬ್‌ಸೈಟು ಸಿಕ್ಕರೆ ಅದು ಸರ್ಕಾರದ್ದಲ್ಲ. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಲಿ. ಚಾರ್ಜರಿಗೆ ಅಲ್ಲಿ ಬ್ರಿಟಿಷ್ ಮಾದರಿಯ ಚೌಕ ಪಿನ್ ಬೇಕು.

ಉಳಿಯುವುದಕ್ಕೆ ಎರಡು ದಾರಿ. ಟ್ರ್ಯಾಕ್ ಇರುವುದು ವಿಮಾನ ನಿಲ್ದಾಣದ ಪಕ್ಕದಲ್ಲೇ, ಊರಿಂದ ಬಹಳ ಹೊರಗೆ. ರೇಸ್ ಒಂದೇ ಮುಖ್ಯ ಎನ್ನುವವರು ಸಲಾಕ್ ತಿಂಗಿ, ನಿಲಾಯ್ ಕಡೆ ಉಳಿದರೆ ಆರಾಮ. ಊರೂ ನೋಡಬೇಕು, ಊಟವೂ ಬೇಕು ಎನ್ನುವವರಿಗೆ ಕೌಲಾಲಂಪುರದ ದೊಡ್ಡ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್ ಪಕ್ಕದ ಬ್ರಿಕ್‌ಫೀಲ್ಡ್ಸ್. ನಾವು ಅಲ್ಲೇ ಇದ್ದೆವು. 2016ರಲ್ಲಿ ರೇಸಿನ ಹಿಂದಿನ ದಿನವೇ ಅಲ್ಲಿ ದೀಪಾವಳಿಯ ಸಾರ್ವಜನಿಕ ರಜೆ. ಅಂಗಡಿ ಮುಂದೆ ಕೋಲಂ, ಹೂವಿನ ಮಾರಾಟ, ಬಾಳೆಎಲೆ ಊಟ, ಎತ್ತ ನೋಡಿದರೂ ತಮಿಳು. ಹಬ್ಬದ ದಿನ ಮನೆ ಬಿಟ್ಟು ಬಂದೆವಲ್ಲ ಎಂಬ ಕೊರಗು ಅರ್ಧ ಅಲ್ಲೇ ಕರಗಿತು. ಇನ್ನರ್ಧಕ್ಕೆ ಅವ್ವ ಫೋನಿನಲ್ಲಿ ಸರಿಯಾಗಿ ಮಂಗಳಾರತಿ ಮಾಡಿದಳು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಟ್ರ್ಯಾಕ್ ಒಳಗಿನ ಅಂಗಡಿಗಳಲ್ಲಿ ನಾಸಿ ಲೆಮಾಕ್ ಬರೀ ಅನ್ನ, ಶೇಂಗಾದಂತೆ ಕಾಣುತ್ತದೆ, ಆದರೆ ಅದರ ಸಂಬಲ್ ಚಟ್ನಿಯಲ್ಲಿ ಒಣಮೀನೋ ಸೀಗಡಿಯೋ ಇದ್ದೇ ಇರುತ್ತದೆ. ರೋಟಿ ಚನಾಯ್‌ ಜತೆ ಕೊಡುವ ದಾಲ್ ಕೂಡ ಕೇಳಿಯೇ ತಿನ್ನಿ. ನಮ್ಮ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಅವಲಕ್ಕಿ ಚೂಡಾ ಇದ್ದವು; ಬ್ರಿಕ್‌ಫೀಲ್ಡ್ಸ್‌ಗೆ ತಡವಾಗಿ ಮುಟ್ಟಿದ ರಾತ್ರಿ ಹೊಟ್ಟೆ ತಂಪಾದದ್ದು ಅದರಿಂದಲೇ. ರೊಟ್ಟಿಯನ್ನು ಮಾತ್ರ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ಅಲ್ಲಿನ ತೇವಕ್ಕೆ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ.

ಇನ್ನು ರೇಸ್. ಬೆಳಗ್ಗೆ ಬೇಗ ಹೋಗಿ, ಚಿಕ್ಕ ಗಾಡಿಗಳ ಓಟ ತಪ್ಪಿಸಬೇಡಿ. ಆ ವರ್ಷ ಅವುಗಳಲ್ಲೇ ಅತಿ ಚಿಕ್ಕ ಗಾಡಿಗಳ ವರ್ಗವಾದ ಮೋಟೋ3 ಗೆದ್ದದ್ದು ಫ್ರಾನ್ಸೆಸ್ಕೊ ಬಾನ್ಯಾಯಾ, ಮಹೀಂದ್ರಾ ಗಾಡಿ ಮೇಲೆ. ಉದ್ಯಮಬಾಗದಲ್ಲಿ ಲೇಥ್ ವರ್ಕ್‌ಶಾಪ್ ನಡೆಸುವ ಗೆಳೆಯ ಜತೆಗಿದ್ದ. "ಟ್ರ್ಯಾಕ್ಟರ್ ಮಹೀಂದ್ರಾನ ಏನಲೇ ಇದು?" ಎಂದು ಎದ್ದು ನಿಂತವನು ಮತ್ತೆ ಕೂತದ್ದು ಬಹಳ ಹೊತ್ತಿನ ಮೇಲೆ. ಅದೇ ಬಾನ್ಯಾಯಾ ಮುಂದೆ 2022, 2023ರಲ್ಲಿ ಡುಕಾಟಿ ಮೇಲೆ ಮೋಟೋಜಿಪಿ ವಿಶ್ವ ಚಾಂಪಿಯನ್ ಆದ.

ಮುಖ್ಯ ರೇಸಿಗೆ ಮುಂಚೆ ಮಳೆ ಸುರಿಯಿತು. ಎದುರಿನ ಪಿಟ್ ಕಟ್ಟಡವೇ ಮಸುಕಾಯಿತು, ಟ್ರ್ಯಾಕ್ ಮೇಲೆ ನೀರು ಹೊಳೆಯುತ್ತಿತ್ತು. ಶುರು ಮಾಡುವುದನ್ನು ಮುಂದೂಡಿ, 20 ಲ್ಯಾಪನ್ನು 19ಕ್ಕೆ ಇಳಿಸಿದರು. ಈ ಕಾಯುವ ಹೊತ್ತಿನಲ್ಲಿ ಜನ ಎದ್ದು ಅಂಗಡಿ ಕಡೆ ಓಡುತ್ತಾರೆ. ನೀವು ಏಳಬೇಡಿ. ನೋಡುವಂಥದ್ದು ಇರುವುದೇ ಆಗ. ಒಣ ಟ್ರ್ಯಾಕಿನ ಸ್ಲಿಕ್ ಟಯರಿಗೆ ಗೆರೆಯೇ ಇಲ್ಲ, ನೀರಿನ ಮೇಲೆ ಅದು ತೇಲಿಬಿಡುತ್ತದೆ. ಮಳೆ ಟಯರಿನ ರಬ್ಬರ್ ಮೆತ್ತಗೆ, ಮೈತುಂಬ ನೀರು ಹೊರಹಾಕುವ ಗೆರೆಗಳು. ಬ್ರೇಕಿನದೂ ಅದೇ ಕತೆ: ಕಾರ್ಬನ್ ಡಿಸ್ಕ್ ಚೆನ್ನಾಗಿ ಕಾದರಷ್ಟೇ ಹಿಡಿಯುತ್ತದೆ, ಮಳೆಯಲ್ಲಿ ಕಾಯುವುದು ಕಷ್ಟ, ಅದಕ್ಕೇ ಆ ಕಾಲದಲ್ಲಿ ಮಳೆಗೆ ಸ್ಟೀಲ್ ಡಿಸ್ಕ್ ಹಾಕುತ್ತಿದ್ದರು. ನಮ್ಮ ಲೇಥ್ ಸಾಹೇಬರಿಗೆ ರೇಸಿಗಿಂತ ಇದೇ ದೊಡ್ಡದು. ದೊಡ್ಡ ಪರದೆಯಲ್ಲಿ ಮೆಕ್ಯಾನಿಕ್‌ಗಳ ಕೈ ಕಂಡಾಗಲೆಲ್ಲ ನನ್ನ ಭುಜ ಅಲುಗಾಡಿಸುತ್ತಿದ್ದ.

ಸ್ಟಾರ್ಟ್ ಆದಾಗ ಮೊದಲ ತಿರುವಿನ ಕಡೆ ಹೋದದ್ದು ಗಾಡಿಗಳಲ್ಲ, ಬಿಳಿ ನೀರಿನ ಗೋಡೆ. ಹಿಂದಿನವರಿಗೆ ಮುಂದಿನವನ ಬಾಲದ ಕೆಂಪು ದೀಪವೊಂದೇ ದಿಕ್ಕು. ಮಳೆಯಲ್ಲಿ ಆ ದೀಪ ಕಡ್ಡಾಯ. ಒಣಗಿದ್ದಾಗ ಒಂದು ಲ್ಯಾಪಿಗೆ ಎರಡು ನಿಮಿಷದ ಆಸುಪಾಸು. ಮಳೆಯಲ್ಲಿ ಅದಕ್ಕೆ ಹತ್ತು ಸೆಕೆಂಡಾದರೂ ಕೂಡುತ್ತದೆ. ಹಾಗೆಂದು ಬೇಸರವಾಗುತ್ತದೆ ಎಂದುಕೊಳ್ಳಬೇಡಿ. ಒಣ ರೇಸಿನಲ್ಲಿ ಗಾಡಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಬಿಡುತ್ತದೆ, ನೆನಪಿಗೆ ಉಳಿಯುವುದು ಸದ್ದು ಮಾತ್ರ. ಮಳೆಯಲ್ಲಿ ಸವಾರ ಕಾಣುತ್ತಾನೆ. ಎಷ್ಟು ಬೇಗ ಬ್ರೇಕ್ ಬಿಟ್ಟ, ಗಾಡಿಯನ್ನು ಎಷ್ಟು ಕಡಿಮೆ ಬಾಗಿಸಿದ, ಹಿಂಗಾಲಿ ಒಂದು ಗೇಣು ಜಾರಿದಾಗ ಹೇಗೆ ಸಂಭಾಳಿಸಿದ, ಎಲ್ಲ ಬರಿಗಣ್ಣಿಗೆ ಸಿಗುತ್ತದೆ. ಟ್ರ್ಯಾಕ್ ಒಣಗತೊಡಗಿದರೆ ಇನ್ನೊಂದು ಆಟ: ಮಳೆ ಟಯರ್ ಕಾದು ಸವೆಯದಿರಲೆಂದು ನೇರ ದಾರಿಯಲ್ಲಿ ಬೇಕೆಂದೇ ನೀರಿರುವ ಕಡೆ ಓಡಿಸುತ್ತಾರೆ. ಯಾರು ಒದ್ದೆ ಹುಡುಕುತ್ತಿದ್ದಾನೆ ನೋಡಿದರೆ ಯಾರ ಟಯರ್ ಸೋತಿದೆ ಎಂದು ತಿಳಿಯುತ್ತದೆ.

ಆ ದಿನ ವ್ಯಾಲೆಂಟಿನೋ ರೊಸ್ಸಿ ಮುಂದೆ ಬಂದಾಗ ಸ್ಟ್ಯಾಂಡಿಗೆ ಸ್ಟ್ಯಾಂಡೇ ಅವನ ಅಭಿಮಾನಿಗಳ ಬಣ್ಣವಾದ ಹಳದಿಯಾಗಿ ಕುಣಿಯಿತು. ಅರ್ಧ ದಾಟಿದ ಮೇಲೆ ಮುಂದಿದ್ದವರಲ್ಲಿ ಕಾಲ್ ಕ್ರಚ್ಲೋ, ಮಾರ್ಕ್ ಮಾರ್ಕೆಸ್, ಆಂಡ್ರಿಯಾ ಇಯಾನೋನೆ ಒಬ್ಬರ ಹಿಂದೊಬ್ಬರು ಬಿದ್ದರು. ಮಾರ್ಕೆಸ್ ಎದ್ದು ಮತ್ತೆ ಓಡಿಸಿ ಹನ್ನೊಂದನೆಯವನಾದ. ಎರಡು ವಾರದ ಹಿಂದೆ ಜಪಾನಿನಲ್ಲೇ ಚಾಂಪಿಯನ್ ಆಗಿದ್ದರಿಂದ ಅವನಿಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಹದಿನೈದನೇ ಲ್ಯಾಪಿನಲ್ಲಿ ರೊಸ್ಸಿ ಮೊದಲ ತಿರುವಿನಲ್ಲಿ ತುಸು ಅಗಲಕ್ಕೆ ಹೋದ. ಅಷ್ಟು ಸಾಕಾಯಿತು, ಆಂಡ್ರಿಯಾ ಡೊವಿಜಿಯೊಸೊ ಒಳಗಿಂದ ನುಗ್ಗಿದ. ಹಳದಿ ಸ್ಟ್ಯಾಂಡು ಒಂದೇ ದನಿಯಲ್ಲಿ "ಅಯ್ಯೋ" ಎಂದದ್ದಕ್ಕೆ ಭಾಷೆ ಬೇಕಿರಲಿಲ್ಲ. ಡೊವಿಜಿಯೊಸೊ ಮೂರು ಸೆಕೆಂಡಿನ ಅಂತರದಲ್ಲಿ ಗೆದ್ದ, ರೊಸ್ಸಿ ಎರಡನೆಯವ, ಹೊರ್ಹೆ ಲೊರೆಂಜೊ ಮೂರನೆಯವ. ಡೊವಿಜಿಯೊಸೊ ಅದಕ್ಕೂ ಮೊದಲು ಮೋಟೋಜಿಪಿಯಲ್ಲಿ ಗೆದ್ದದ್ದು 2009ರಲ್ಲಿ ಡೋನಿಂಗ್ಟನ್‌ನಲ್ಲಿ, ಅದೂ ಮಳೆಯಲ್ಲೇ. 2016ರ ಒಂದೇ ಋತುವಿನಲ್ಲಿ ಗೆದ್ದವರಲ್ಲಿ ಅವನು ಒಂಬತ್ತನೆಯವ. ಅಷ್ಟು ಬೇರೆ ಬೇರೆ ಜನ ಒಂದೇ ವರ್ಷ ಗೆದ್ದದ್ದು ಅದಕ್ಕೆ ಮುಂಚೆ ಇರಲಿಲ್ಲ.

ರೇಸ್ ಮುಗಿದ ಮೇಲೆಯೇ ನಿಜವಾದ ಪರೀಕ್ಷೆ. ಎಲ್ಲರೂ ಒಮ್ಮೆಲೇ ಗೇಟಿಗೆ ನುಗ್ಗುತ್ತಾರೆ, ಗ್ರ್ಯಾಬ್ ಟ್ಯಾಕ್ಸಿಯ ದರ ಆಕಾಶಕ್ಕೇರುತ್ತದೆ, ಒಪ್ಪಿಕೊಂಡ ಡ್ರೈವರ್ ಕೂಡ ಟ್ರಾಫಿಕ್ಕಿನಲ್ಲಿ ಸಿಕ್ಕಿ ಬರುವುದಿಲ್ಲ. ಒಂದು ತಾಸು ಸ್ಟ್ಯಾಂಡಿನಲ್ಲೇ ಕೂತು ಬಿಡಿ. ರೇಸಿನ ದಿನಗಳಲ್ಲಿ ಬಿಡುವ ಶಟಲ್ ಬಸ್ಸಿನ ವಿವರ ಮೊದಲೇ ನೋಡಿಟ್ಟುಕೊಂಡು, ಅದರಲ್ಲಿ ವಿಮಾನ ನಿಲ್ದಾಣ ಮುಟ್ಟಿ, ಅಲ್ಲಿಂದ ಕೆಎಲ್ ಸೆಂಟ್ರಲ್‌ಗೆ ರೈಲು ಹಿಡಿಯುವುದು ಸುಲಭ. ದಾರಿಯಲ್ಲಿ ಕಿಟಕಿ ಸೀಟು ಸಿಕ್ಕರೆ ಹೊರಗೆ ನೋಡುತ್ತಿರಿ: ಮಳೆ ಹಿಡಿದ ಹೆದ್ದಾರಿಯಲ್ಲಿ ಬೈಕಿನವರು ಮೇಲ್ಸೇತುವೆಯ ಅಡಿ ಸಾಲಾಗಿ ನಿಂತಿರುತ್ತಾರೆ, ಜಾಕೆಟನ್ನು ಹಿಂದುಮುಂದಾಗಿ ತೊಟ್ಟು, ಜಿಪ್ಪು ಬೆನ್ನಿಗೆ. ಎದೆಗೆ ಗಾಳಿ ನುಗ್ಗದಿರಲು ಮಾಡಿಕೊಂಡ ಉಪಾಯ. ಗೆಳೆಯ ಅದನ್ನು ಊರಿಗೆ ತಂದು ಖಾನಾಪುರ ರಸ್ತೆಯಲ್ಲಿ ಈಗಲೂ ಹಾಗೇ ಓಡಾಡುತ್ತಾನೆ, ನೋಡಿದವರು ನಗುತ್ತಾರೆ.

ಭಾನುವಾರ ರಾತ್ರಿಯ ವಿಮಾನ ಮಾತ್ರ ಬುಕ್ ಮಾಡಲೇಬೇಡಿ. ಮಳೆಗೆ ರೇಸ್ ತಡವಾದರೆ, ಗೆಲುವಿನ ವೇದಿಕೆ ನೋಡುತ್ತ ನಿಂತರೆ, ಚೆಕ್‌ಇನ್ ಕೌಂಟರ್ ಮುಚ್ಚಿರುತ್ತದೆ. ಸೋಮವಾರ ಮಧ್ಯಾಹ್ನ ಹೊರಟರೆ ಮಂಗಳವಾರ ಬೆಳಗಾವಿ. ಆ ದಿನ ನವೆಂಬರ್ 1 ಆಗಿದ್ದರೆ ಮನೆಯವರಿಗೆ ಮೊದಲೇ ಹೇಳಿಡಿ: ರಾಜ್ಯೋತ್ಸವದ ಮೆರವಣಿಗೆಗೆ ಚನ್ನಮ್ಮ ವೃತ್ತದ ಸುತ್ತ ಗಾಡಿ ಬಿಡುವುದಿಲ್ಲ, ಮೆರವಣಿಗೆ ತಡರಾತ್ರಿಯವರೆಗೂ ನಡೆಯುತ್ತದೆ. ಕರೆದುಕೊಂಡು ಹೋಗಲು ಬರುವವರು ಹೊರವಲಯದಲ್ಲೇ ನಿಂತಿರಲಿ, ಸೂಟ್‌ಕೇಸ್ ಹೊತ್ತು ಡಿಜೆ ಸದ್ದಿನ ನಡುವೆ ನಡೆಯುವುದು ಸೆಪಾಂಗ್ ಗೇಟು ದಾಟುವುದಕ್ಕಿಂತ ಕಷ್ಟ.