ಮಂಜು ದೇವಿ ಸೋತಿದ್ದು

ಮಧ್ಯಾಹ್ನ ಊಟದ ಹೊತ್ತಲ್ಲಿ 'ಪಂಚಾಯತ್' ಅನ್ನೋ ಹಿಂದಿ ವೆಬ್ ಸರಣಿಯ ನಾಲ್ಕನೇ ಸೀಸನ್ ಮಾತು ಬಂತು. "ಮೊದಲಿನ ಮಜಾ ಇಲ್ಲ ಬಿಡಿ, ಬರೀ ರಾಜಕೀಯ" ಅಂದ್ರು ಪಕ್ಕದಲ್ಲಿದ್ದವರು. 2025ರ ಜೂನ್‌ನಲ್ಲಿ ಬಂದಾಗಿಂದ ಇದೇ ಮಾತು ಕೇಳ್ತಿದ್ದೀನಿ.

ನನಗೆ ಹಾಗನ್ನಿಸಲಿಲ್ಲ.

ಕಥೆ ನಡೆಯೋ ಹಳ್ಳಿ ಫುಲೇರಾ, ಈ ಸಲ ಚುನಾವಣೆಗೆ ನಿಂತ ಊರು. ಒಂದು ಕಡೆ ಮಂಜು ದೇವಿಯ ಸೋರೆಕಾಯಿ ಗುರುತು, ಇನ್ನೊಂದು ಕಡೆ ಕ್ರಾಂತಿ ದೇವಿಯ ಕುಕ್ಕರ್. ಮೊನ್ನೆವರೆಗೂ ಜೊತೆಗೆ ಕೂತು ಚಹಾ ಕುಡಿದವರು ಎರಡು ಪಾಳಯ. ನಮ್ಮ ಹಳ್ಳಿಗಳಲ್ಲೂ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಆದರೂ ಮತ ಎಣಿಕೆ ಮುಗಿದ ಮೇಲೆ ಅಣ್ಣತಮ್ಮಂದಿರು ತಿಂಗಳುಗಟ್ಟಲೆ ಮಾತು ಬಿಡೋದನ್ನ ಕಂಡವರಿಗೆ ಇದು ಹೊಸದಲ್ಲ. ನಗು ಕಡಿಮೆ ಆಗಲೇಬೇಕಿತ್ತು.

ಕೊನೆಗೆ ಕ್ರಾಂತಿ ದೇವಿ ಗೆದ್ದಳು. ತುಂಬಾ ಜನಕ್ಕೆ ಸಿಟ್ಟು ಬಂದಿದ್ದು ಅದಕ್ಕೇ. ನನಗೂ ಹೊಟ್ಟೆ ಉರೀತು, ನಿಜ. ಮೊದಲ ಸೀಸನ್‌ನಲ್ಲಿ ಗಣರಾಜ್ಯೋತ್ಸವಕ್ಕೆ ಅಂತ ಒಂದೊಂದೇ ಸಾಲು ಬಾಯಿಪಾಠ ಮಾಡಿ ರಾಷ್ಟ್ರಗೀತೆ ಕಲಿತ ಹೆಂಗಸು ಮಂಜು ದೇವಿ. ಹೆಸರಿಗೆ ಪ್ರಧಾನ್, ಅಂದ್ರೆ ಪಂಚಾಯಿತಿ ಅಧ್ಯಕ್ಷೆ; ಕಾರುಬಾರೆಲ್ಲ ಗಂಡನದು. ನಮ್ಮಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಅಲ್ಲೂ ಎಷ್ಟೋ ಕಡೆ ಖುರ್ಚಿ ಹೆಂಡತಿಯದು, ಮಾತು ಗಂಡನದು.

ಆದರೆ ನಾವು ಇಷ್ಟಪಟ್ಟವರೇ ಗೆಲ್ಲಬೇಕು ಅಂದ್ರೆ ಅದೆಂಥ ಚುನಾವಣೆ? ಸೋಲಿಸೋ ಧೈರ್ಯ ಮಾಡಿದ್ದಕ್ಕೆ ಬರೆದವರ ಮೇಲೆ ನನಗೆ ಗೌರವ ಹೆಚ್ಚಾಯ್ತು.

ಐದನೇ ಸೀಸನ್ ಬರುತ್ತಂತೆ. ಮಂಜು ದೇವಿ ಈ ಸಲ ಗಂಡನ್ನ ಮನೇಲಿ ಬಿಟ್ಟು, ಗ್ರಾಮಸಭೆಗೆ ಒಬ್ಬಳೇ ಬಂದು ಲೆಕ್ಕ ಕೇಳಲಿ. ಅದನ್ನ ನೋಡಬೇಕು ನಾನು.