ನ್ಯೂಯಾರ್ಕ್‌ಗೆ ಹೋದರೆ ಬ್ರಾಡ್‌ವೇಯ ಈ ಒಂದು ಕಿಲೋಮೀಟರ್ ನಡೆದೇ ನೋಡಿ

ಬ್ರಾಡ್‌ವೇ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಟೈಮ್ಸ್ ಸ್ಕ್ವೇರ್, ನಾಟಕ, ಝಗಮಗ ದೀಪ. ನನಗೆ ಜಾಸ್ತಿ ಹಿಡಿಸಿದ್ದು ಅದೇ ರಸ್ತೆಯ ದಕ್ಷಿಣದ ತುದಿ. ಬೌಲಿಂಗ್ ಗ್ರೀನ್ ಅನ್ನುವ ಪುಟ್ಟ ಪಾರ್ಕಿನಿಂದ ಸಿಟಿ ಹಾಲ್ ಪಾರ್ಕ್‌ವರೆಗೆ ಹೆಚ್ಚೂಕಡಿಮೆ ಒಂದು ಕಿಲೋಮೀಟರ್. ಸುಮ್ನೆ ನಡೆದರೆ ಇಪ್ಪತ್ತು ನಿಮಿಷ ಸಾಕು, ಆದರೆ ಅರ್ಧ ದಿನ ಇಟ್ಟುಕೊಳ್ಳಿ. ಇಲ್ಲಿ ನೋಡುವಂಥದ್ದರಲ್ಲಿ ಬಹುಪಾಲಿಗೆ ಟಿಕೆಟ್ಟೇ ಇಲ್ಲ.

4 ಅಥವಾ 5ನೇ ನಂಬರಿನ ಸಬ್‌ವೇ ಹಿಡಿದು ಬೌಲಿಂಗ್ ಗ್ರೀನ್‌ನಲ್ಲಿ ಇಳಿಯಿರಿ. ಹತ್ತಿರದಲ್ಲೇ ಕಂಚಿನ ಗೂಳಿ, ಅದರ ಸುತ್ತ ಜಾತ್ರೆ. 1989ರಲ್ಲಿ ಶಿಲ್ಪಿ ಆರ್ಟುರೊ ಡಿ ಮೋಡಿಕಾ ಯಾರನ್ನೂ ಕೇಳದೆ ಷೇರುಪೇಟೆಯ ಮುಂದೆ ರಾತ್ರೋರಾತ್ರಿ ತಂದಿಟ್ಟ ಗೂಳಿ ಇದು. ಆಮೇಲೆ ಇಲ್ಲಿಗೆ ಬಂತು. ಫೋಟೋ ಬೇಕೇ ಬೇಕು ಅನ್ನುವವರು ಬೆಳಿಗ್ಗೆ ಬೇಗ ಹೋಗಿ. ನನ್ನ ಕೇಳಿದರೆ, ಆ ಕ್ಯೂನಲ್ಲಿ ನಿಲ್ಲುವ ಹೊತ್ತನ್ನು ಪಕ್ಕದ ಪುಟ್ಟ ಪಾರ್ಕಿನ ಬೇಲಿ ನೋಡುವುದಕ್ಕೆ ಕೊಡಿ.

ಬೇಲಿಯಲ್ಲೇನಿದೆ ನೋಡೋಕೆ ಅಂತೀರಾ? ಈ ಕಬ್ಬಿಣದ ಬೇಲಿ ಹಾಕಿದ್ದು 1771ರಲ್ಲಿ. ಆಗ ಒಳಗೆ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್ ಕುದುರೆ ಏರಿ ಕೂತ ಪ್ರತಿಮೆ ಇತ್ತು. ಸೀಸದ್ದು, ಮೇಲೆ ಚಿನ್ನದ ಲೇಪ. 1776ರ ಜುಲೈ 9ರಂದು ಸ್ವಾತಂತ್ರ್ಯದ ಘೋಷಣೆ ಓದಿದ್ದನ್ನು ಕೇಳಿದ ಸೈನಿಕರೂ ಊರವರೂ ಇಲ್ಲಿಗೆ ನುಗ್ಗಿ, ಹಗ್ಗ ಹಾಕಿ ದೊರೆಯನ್ನು ಕೆಳಗೆ ಉರುಳಿಸಿದರು. ಆ ಸೀಸದ ಬಹುಪಾಲು ಕರಗಿ ಬಂದೂಕಿನ ಗುಂಡಾಯಿತು. ಬೇಲಿಯ ಕಂಬಗಳ ತುದಿಯಲ್ಲಿದ್ದ ಅಲಂಕಾರಗಳೂ ಹೋದವು. ದಪ್ಪ ಕಂಬಗಳ ತಲೆಯ ಮೇಲೆ ಕೈಯಾಡಿಸಿ ನೋಡಿ. ಒಂದು ಸಪಾಟು, ಇನ್ನೊಂದು ಓರೆ, ಮತ್ತೊಂದು ತರಿತರಿ. ಕತ್ತರಿಸಿದ ಗುರುತು ಇನ್ನೂ ಹಾಗೇ ಇದೆ. ಅದಕ್ಕೇ ಒರಗಿಕೊಂಡು ಜನ ಮೊಬೈಲ್ ನೋಡುತ್ತಿರುತ್ತಾರೆ!

ಪಾರ್ಕಿನ ದಕ್ಷಿಣಕ್ಕಿರುವ ಭಾರಿ ಕಟ್ಟಡ ಹಿಂದೆ ಸುಂಕದ ಕಚೇರಿ. 1907ರಲ್ಲಿ ಮುಗಿಯಿತು, ವಾಸ್ತುಶಿಲ್ಪಿ ಕ್ಯಾಸ್ ಗಿಲ್ಬರ್ಟ್. ಆಗ ಆದಾಯ ತೆರಿಗೆ ಇರಲಿಲ್ಲ. ಅಮೆರಿಕ ಸರ್ಕಾರದ ಖಜಾನೆಗೆ ಬಂದರಿನ ಸುಂಕವೇ ದೊಡ್ಡ ಆಧಾರ, ಅದಕ್ಕೇ ಒಂದು ಸುಂಕದಕಟ್ಟೆಗೆ ಇಷ್ಟು ಠೀವಿ. ಈಗ ಒಳಗೆ ಅಮೆರಿಕದ ಮೂಲನಿವಾಸಿಗಳ ಮ್ಯೂಸಿಯಂ ಇದೆ. ಪ್ರವೇಶ ಉಚಿತ. ಇಲ್ಲೇ ಶೌಚಾಲಯಕ್ಕೂ ಹೋಗಿ ಬಂದುಬಿಡಿ, ಮುಂದೆ ದಾರಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಹೊರಗೆ ಬಂದು ಬ್ರಾಡ್‌ವೇಯ 1ನೇ ನಂಬರಿನ ಕಟ್ಟಡದ ಬಾಗಿಲುಗಳ ಮೇಲೆ ಕಣ್ಣು ಹಾಯಿಸಿ. ಒಂದರ ಮೇಲೆ ಫಸ್ಟ್ ಕ್ಲಾಸ್, ಇನ್ನೊಂದರ ಮೇಲೆ ಕ್ಯಾಬಿನ್ ಕ್ಲಾಸ್ ಅಂತ ಕಲ್ಲಿನಲ್ಲಿ ಕೆತ್ತಿದೆ. ಟೈಟಾನಿಕ್ ಓಡಿಸುತ್ತಿದ್ದ ವೈಟ್ ಸ್ಟಾರ್ ಲೈನ್‌ನ ಒಡೆತನ ಹೊಂದಿದ್ದ ಹಡಗು ಕಂಪನಿಯ ಆಫೀಸು ಇದಾಗಿತ್ತು. ಟಿಕೆಟ್ ಕೊಳ್ಳೋಕೂ ಬೇರೆ ಬೇರೆ ಬಾಗಿಲು.

ಇಲ್ಲಿಂದ ಉತ್ತರಕ್ಕೆ ಹೊರಟಾಗ ನಡುನಡುವೆ ಕಾಲ ಕೆಳಗೂ ನೋಡಿ. ಫುಟ್‌ಪಾತ್‌ನಲ್ಲಿ ಕಪ್ಪು ಗ್ರಾನೈಟ್ ಪಟ್ಟಿಗಳಿವೆ. ಈ ರಸ್ತೆಯಲ್ಲಿ ಕಾಗದದ ಚೂರು ಎರಚಿ ಯಾರ ಯಾರ ಮೆರವಣಿಗೆ ಮಾಡಿದರೋ ಅವರ ಹೆಸರು, ತಾರೀಕು ಅದರಲ್ಲಿದೆ. ಶುರುವಾಗಿದ್ದು 1886ರಲ್ಲಿ, ಲಿಬರ್ಟಿ ಪ್ರತಿಮೆಯ ಉದ್ಘಾಟನೆಯ ದಿನ. 1949ರ ಅಕ್ಟೋಬರ್‌ನಲ್ಲಿ ನೆಹರೂ ಅವರಿಗೂ ಇಲ್ಲಿ ಮೆರವಣಿಗೆ ಆಗಿತ್ತು. ಮಕ್ಕಳು ಜೊತೆಗಿದ್ದರೆ ಆ ಪಟ್ಟಿ ಹುಡುಕೋ ಕೆಲಸ ಅವರಿಗೆ ಬಿಡಿ, ದಾರಿ ಸಾಗಿದ್ದೇ ಗೊತ್ತಾಗಲ್ಲ.

ವಾಲ್ ಸ್ಟ್ರೀಟ್ ಬಂದು ಸೇರುವ ಕಡೆ ಟ್ರಿನಿಟಿ ಚರ್ಚ್. ಈಗಿರುವುದು ಅಲ್ಲಿ ಕಟ್ಟಿದ ಮೂರನೆಯದು, 1846ರದ್ದು. ಮೊದಲನೆಯದು 1776ರ ಬೆಂಕಿಯಲ್ಲಿ ಸುಟ್ಟುಹೋಯಿತು. ಇದರ 281 ಅಡಿಯ ಗೋಪುರ 1890ರವರೆಗೂ ಊರಿಗೇ ಎತ್ತರ. ಈಗ ಅದೇ ಕುಳ್ಳ! ಅಂಗಳದ ಸ್ಮಶಾನದಲ್ಲಿ ಅಮೆರಿಕದ ಮೊದಲ ಖಜಾನೆ ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸಮಾಧಿ ಇದೆ.

ಇನ್ನೆರಡು ಹೆಜ್ಜೆ ಮುಂದೆ, 120ನೇ ನಂಬರಿನ ಈಕ್ವಿಟಬಲ್ ಕಟ್ಟಡ. ಹೆಚ್ಚಿನವರು ಇದನ್ನು ನೋಡದೆ ದಾಟಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಈ ರಸ್ತೆಯ ಮುಖ್ಯ ಕಟ್ಟಡ ಇದೇ. 1915ರಲ್ಲಿ ಇಡೀ ಜಾಗ ತುಂಬಿಸಿ, ಎಲ್ಲೂ ಹಿಂದೆ ಸರಿಯದೆ, ನೆಟ್ಟಗೆ ಮೇಲೆ ಎಬ್ಬಿಸಿದರು. ಅದರ ನೆರಳು ಏಳು ಎಕರೆಗೆ ಬೀಳುತ್ತಿತ್ತಂತೆ. ಅಕ್ಕಪಕ್ಕದವರಿಗೆ ಗಾಳಿ, ಬೆಳಕು ಎರಡೂ ಇಲ್ಲ. ಗಲಾಟೆ ಜೋರಾಯಿತು. 1916ರಲ್ಲಿ ನಗರಾಡಳಿತ ಹೊಸ ನಿಯಮ ತಂದಿತು: ಎತ್ತರಕ್ಕೆ ಹೋದಂತೆ ಕಟ್ಟಡ ರಸ್ತೆಯಿಂದ ಹಿಂದೆ ಸರಿಯಬೇಕು. ನ್ಯೂಯಾರ್ಕಿನ ಹಳೆಯ ಗಗನಚುಂಬಿಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವುದು ಇದರಿಂದಲೇ. ಗೂಳಿಯ ಹತ್ತಿರದ 26ನೇ ನಂಬರು, ಅಂದರೆ ಸ್ಟ್ಯಾಂಡರ್ಡ್ ಆಯಿಲ್ ಕಟ್ಟಡ, ನಿಯಮದ ನಂತರದ್ದು. ಎರಡನ್ನೂ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಇಲ್ಲಿರಿ. ಬಿಸಿಲು ಎಲ್ಲಿ ಕೆಳಗಿಳಿಯುತ್ತದೆ, ಎಲ್ಲಿ ಇಳಿಯಲ್ಲ ಅನ್ನುವುದು ಆಗಲೇ ಚೆನ್ನಾಗಿ ಗೊತ್ತಾಗುವುದು.

ಎದುರು ಸಾಲಿನ ವನ್ ಲಿಬರ್ಟಿ ಪ್ಲಾಜಾ ನಿಂತಿರುವ ಜಾಗದಲ್ಲಿ ಸಿಂಗರ್ ಕಟ್ಟಡ ಇತ್ತು. ಹೌದು, ಹೊಲಿಗೆ ಮಿಷನ್ನಿನ ಸಿಂಗರ್. 1908ರಲ್ಲಿ 612 ಅಡಿ, ಆಗ ಪ್ರಪಂಚಕ್ಕೇ ಎತ್ತರ. 1960ರ ದಶಕದ ಕೊನೆಯಲ್ಲಿ ಕೆಡವಿದರು. ಅದರ ಹಳೇ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋಗಿ. ಅಲ್ಲಿ ನಿಂತು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸೇಂಟ್ ಪಾಲ್ಸ್ ಚಾಪೆಲ್ 1766ರದ್ದು. ಹಿಂದೆಯೇ ವರ್ಲ್ಡ್ ಟ್ರೇಡ್ ಸೆಂಟರ್ ಕುಸಿದರೂ ಇದು ಉಳಿಯಿತು. ಒಳಗೆ ಹತ್ತು ನಿಮಿಷ ಕೂತು ಕಾಲಿಗೆ ವಿಶ್ರಾಂತಿ ಕೊಡಿ.

ಕೊನೆಗೆ ವುಲ್‌ವರ್ತ್ ಕಟ್ಟಡ. ಇದೂ ಕ್ಯಾಸ್ ಗಿಲ್ಬರ್ಟ್‌ನದೇ, 1913ರದ್ದು, 792 ಅಡಿ. ಐದು, ಹತ್ತು ಸೆಂಟಿನ ಸಾಮಾನು ಮಾರಿ ಬೆಳೆದ ವ್ಯಾಪಾರಿ ಕಟ್ಟಿಸಿದ್ದು. ಸಾಲ ಇಲ್ಲ, ಪೂರ್ತಿ ನಗದು. ಲಾಬಿಯಲ್ಲಿ ಅವನು ಚಿಲ್ಲರೆ ಎಣಿಸುತ್ತಿರುವ ಗೊಂಬೆ ಕೆತ್ತಿದ್ದಾರೆ. ಆದರೆ ಸುಮ್ಮನೆ ಒಳಗೆ ನುಗ್ಗುವ ಹಾಗಿಲ್ಲ, ಗೈಡೆಡ್ ಟೂರ್ ಇದ್ದರೆ ಮಾತ್ರ. ಮೊದಲೇ ನೋಡಿ ಬುಕ್ ಮಾಡಿ. ಇಲ್ಲವಾದರೆ ರಸ್ತೆ ದಾಟಿ ಸಿಟಿ ಹಾಲ್ ಪಾರ್ಕಿನ ಬೆಂಚಿನಿಂದ ನೋಡಿ, ತುದಿ ಅಲ್ಲಿಂದಲೇ ಚೆನ್ನಾಗಿ ಕಾಣುವುದು.

ದುರಸ್ತಿಗೆ ಅಂತ ಫುಟ್‌ಪಾತ್ ಮೇಲೆ ಸಾರ್ವೆ, ತಗಡಿನ ಚಪ್ಪರ ಹಾಕಿರುವುದು ಇಲ್ಲಿ ಮಾಮೂಲು. ಅಂಥ ಕಡೆ ಎದುರಿನ ಬದಿಗೆ ಹೋಗಿ. ಚಳಿಗಾಲದಲ್ಲಿ ಕಟ್ಟಡಗಳ ನಡುವೆ ಗಾಳಿ ಬಹಳ ಬೀಸುತ್ತದೆ, ಕಿವಿ ಮುಚ್ಚುವ ಟೋಪಿ ಇರಲಿ. ಇನ್ನೂ ಕಾಲಲ್ಲಿ ಕಸುವಿದ್ದರೆ, ಬ್ರೂಕ್ಲಿನ್ ಸೇತುವೆಯ ಕಾಲುದಾರಿ ಇದೇ ಪಾರ್ಕಿನ ಪೂರ್ವಕ್ಕೆ ಶುರುವಾಗುತ್ತದೆ.